ಒಂದು ಚಿತ್ರ, ಹಲವು ಕಪಾಟು

ಎರಡು ಅಡ್ಡಗೆರೆ, ಎರಡು ಉದ್ದಗೆರೆ. ಸ್ಲೇಟಿನ ಮೇಲೆ ಸೊನ್ನೆ, ಗುಣಾಕಾರದ ಆಟಕ್ಕೆ ಎಳೆಯುತ್ತಿದ್ದೆವಲ್ಲ, ಅದೇ ಮನೆ. ಫೋನಿನಲ್ಲಿ ಸೊನ್ನೆಯ ಬಲಕ್ಕೆ ಕೂತಿರುತ್ತದೆ. ನಮ್ಮ ವಯಸ್ಸಿನವರಿಗೆ ಅದರ ಪರಿಚಯ, ‘ಸಂಖ್ಯೆ ಒತ್ತಿ, ನಂತರ ಹ್ಯಾಶ್ ಒತ್ತಿ’ ಎನ್ನುವ ಹೆಣ್ಣು ದನಿಯಿಂದ. ಮಕ್ಕಳಿಗೆ ಅದು ಫೋಟೊದ ಕೆಳಗೆ ಬರೆಯುವ ಹ್ಯಾಶ್‌ಟ್ಯಾಗ್.

2007ರ ಆಗಸ್ಟ್ 23ರಂದು ಅಮೆರಿಕದ ಕ್ರಿಸ್ ಮೆಸಿನಾ ಎಂಬುವರು ಟ್ವಿಟರ್‌ನಲ್ಲಿ ಒಂದು ಸಲಹೆ ಕೊಟ್ಟರು: ಒಂದೇ ವಿಷಯದ ಮಾತುಗಳನ್ನು ಗುಂಪು ಮಾಡಲು ಪದದ ಆರಂಭದಲ್ಲಿ ಈ ಗುರುತು ಹಾಕಿದರೆ ಹೇಗೆ? ಕಂಪನಿಗೆ ಅದೇನೂ ರುಚಿಸಲಿಲ್ಲ. ಎರಡೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸುತ್ತ ಕಾಡ್ಗಿಚ್ಚು ಹಬ್ಬಿತು. ಬೆಂಕಿಯ ಸುದ್ದಿ ಬರೆಯುವವರು #ಸ್ಯಾನ್‌ಡಿಯಾಗೊಫೈರ್ ಎಂದು ಸೇರಿಸತೊಡಗಿದರು. ಹುಡುಕುವವರಿಗೆ ಎಲ್ಲವೂ ಒಂದೇ ಕಡೆ ಸಿಕ್ಕಿತು. 2009ರಲ್ಲಿ ಟ್ವಿಟರ್ ತಾನೇ ಇದನ್ನು ಒಪ್ಪಿಕೊಂಡು, ಒತ್ತಿದರೆ ತೆರೆದುಕೊಳ್ಳುವಂತೆ ಮಾಡಿತು. ಮೆಸಿನಾ ಪೇಟೆಂಟ್ ಮಾಡಿಸಲಿಲ್ಲ. ಗುಮಾಸ್ತನಾಗಿದ್ದ ನನಗೆ ಈ ಸಂಗತಿಯೇ ಹೆಚ್ಚು ಆಶ್ಚರ್ಯ!

2015ರಲ್ಲಿ ಚೆನ್ನೈ ಮಳೆಗೆ ಮುಳುಗಿದಾಗಲೂ ಜನ ಊಟ, ದೋಣಿ, ತಂಗಲು ಜಾಗ ಹುಡುಕಿದ್ದು ಇಂಥ ಟ್ಯಾಗ್‌ಗಳಿಂದಲೇ. ಅಂಥ ಹೊತ್ತಿನಲ್ಲಿ ಯಾರಾದರೂ ತಮ್ಮ ಸೀರೆ ಅಂಗಡಿಯ ಜಾಹೀರಾತಿಗೆ ಅದೇ ಟ್ಯಾಗ್ ಅಂಟಿಸಿದರೆ, ಸಹಾಯಕ್ಕೆ ಕೂಗಿದವರ ದನಿ ಕೆಳಗೆ ಹೋಗುತ್ತದೆ.

ನಮ್ಮ ಲೆಡ್ಜರಿನಲ್ಲಿ ಒಂದು ವೋಚರ್ ಒಂದು ಖಾತೆಗೆ ಮಾತ್ರ. ಇಲ್ಲಿ ಹಾಗಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮೊಮ್ಮಗಳು ಹಕ್ಕಿಯ ಫೋಟೊ ತೆಗೆದಳು ಅನ್ನಿ. #ಕೊಕ್ಕರೆಬೆಳ್ಳೂರು, #ಹೆಜ್ಜಾರ್ಲೆ ಎಂದು ಬರೆದರೆ ಒಂದೇ ಚಿತ್ರ ಎರಡು ಕಪಾಟಿನಲ್ಲಿ ಸಿಗುತ್ತದೆ. ಆದರೆ ಪದ ಬಿಡಿಸಿ ಬರೆಯಬಾರದು. ‘#ಕೊಕ್ಕರೆ’ ಎಂದು ಬರೆದು ಜಾಗ ಬಿಟ್ಟು ‘ಬೆಳ್ಳೂರು’ ಎಂದರೆ ಟ್ಯಾಗ್ ಕೊಕ್ಕರೆಗೇ ಮುಗಿಯಿತು. ಒಂದಕ್ಷರ ತಪ್ಪಿದರೂ ಬೇರೆಯೇ ಕಪಾಟು. ಸಹಿ ಹೊಂದದ ಚೆಕ್ಕಿನಂತೆ, ಇಲ್ಲಿ ದಯೆದಾಕ್ಷಿಣ್ಯವಿಲ್ಲ.

ಹಕ್ಕಿಯ ಚಿತ್ರಕ್ಕೆ ಊರಿನ ಹೆಸರು ಸರಿ. ಮಕ್ಕಳ ಚಿತ್ರಕ್ಕೆ? ಸಮವಸ್ತ್ರ ತೊಟ್ಟ ಹುಡುಗಿಯ ಫೋಟೊ, ಕೆಳಗೆ ಶಾಲೆಯ ಹೆಸರು, ಬಡಾವಣೆಯ ಹೆಸರು, ‘ಸಂಜೆ ನೃತ್ಯ ತರಗತಿ’ ಎಂದು ಮೂರು ಟ್ಯಾಗ್. ಖಾತೆ ಎಲ್ಲರಿಗೂ ತೆರೆದಿದ್ದರೆ, ಆ ಮಗು ಎಲ್ಲಿ ಓದುತ್ತದೆ, ಎಲ್ಲಿರುತ್ತದೆ, ಸಂಜೆ ಎಲ್ಲಿಗೆ ಹೋಗುತ್ತದೆ ಎಂಬುದು ಗುರುತಿಲ್ಲದವರಿಗೂ ತಿಳಿಯಿತು. ಹೆಮ್ಮೆಯಿಂದ ಹೀಗೆ ಹಾಕುವವರು ಹೆಚ್ಚಾಗಿ ಅಜ್ಜ ಅಜ್ಜಿಯರೇ. ಅದಕ್ಕೇ, ಮಕ್ಕಳೇ, ಇವತ್ತು ಅವರ ಪಕ್ಕ ಕೂತು ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ‘ಪ್ರೈವೇಟ್’ ಮಾಡಿಕೊಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಗೆ ಮಾಡಿದರೆ, ಅವರು ಒಪ್ಪಿದ ಸ್ನೇಹಿತರಿಗಷ್ಟೇ ಚಿತ್ರ ಕಾಣುತ್ತದೆ. ಹಳೆಯ ಚಿತ್ರಗಳ ಬರಹ ತೆರೆದು ‘ಎಡಿಟ್’ ಒತ್ತಿ ಶಾಲೆ, ಬಡಾವಣೆಗಳ ಹೆಸರು ಅಳಿಸಿ. ಚಿತ್ರದೊಳಗಿನ ಶಾಲೆಯ ಬ್ಯಾಡ್ಜ್ ಮಾತ್ರ ಅಳಿಸಲಾಗದು. ಅದು ಕಾಣಿಸುವ ಚಿತ್ರವನ್ನು ಪೂರ್ತಿ ತೆಗೆಯಬೇಕೇ ಎಂದು ಅಪ್ಪ ಅಮ್ಮನನ್ನೂ ಕೇಳಿ.