ಹಳೆಯ ಸೈಕಲ್ಲಿಗೆ ಹೊಸ ಚೈತನ್ಯ

ಮಗನ ಹಟಕ್ಕೆಂದು ಕೊಂಡ ಗೇರ್ ಸೈಕಲ್ಲು, ಅವನು ಉದ್ಯೋಗಕ್ಕಾಗಿ ಪರಸ್ಥಳ ಸೇರಿದ ಮೇಲೆ, ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿದೆ. ಗುಜರಿಗೆ ಹಾಕಿದರೆ ಪುಡಿಗಾಸು. ತುಳಿಯೋಣವೆಂದರೆ ಮಲ್ಲೇಶ್ವರದ ಏರಿಗೆ ಯಜಮಾನರ ಮೊಣಕಾಲು ಒಪ್ಪುವುದಿಲ್ಲ. ಅದಕ್ಕೊಂದು ವಿದ್ಯುತ್ ಮೋಟಾರನ್ನು ಜೋಡಿಸಿದರೆ ಹಣವೂ ಉಳಿದೀತು, ತ್ರಾಣವೂ ಉಳಿದೀತು. ಆದರೆ ಮಿತವ್ಯಯ ಬೇರೆ, ಜಿಪುಣತನ ಬೇರೆ ಎಂಬ ವಿವೇಕ ಈ ಕಾರ್ಯದಲ್ಲಿ ಹೆಜ್ಜೆಹೆಜ್ಜೆಗೂ ಅಗತ್ಯ.

ಕಲ್ಪನೆಯೇನೂ ಹೊಸದಲ್ಲ. ಹಿಂದಿನ ಗಾಲಿಯ ನಡುವೆಯೇ ಮೋಟಾರನ್ನು ಕೂಡಿಸಿದ ಸೈಕಲ್ಲಿಗೆ ಆಗ್ಡನ್ ಬೋಲ್ಟನ್ ಎಂಬಾತ 1895ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದನು. ಬೆಟ್ಟ ಹತ್ತುವ ಸೈಕಲ್ಲಾದರೂ, 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಕಟ್ಟಿದ್ದರ ಫಲವೇ ಅಲ್ಲವೆ?

ಉಳಿತಾಯಕ್ಕೆ ಎಡೆಯಿರುವುದು ಮೋಟಾರಿನಲ್ಲಿ. ಭಾರತದ ನಿಯಮಗಳು ಇಂಥ ಸೈಕಲ್ಲಿಗೆ 250 ವ್ಯಾಟ್ ಶಕ್ತಿ, ಗಂಟೆಗೆ 25 ಕಿಲೋಮೀಟರ್ ವೇಗ ಎಂಬ ಮಿತಿಯನ್ನು ಇಟ್ಟಿವೆ. ಅದನ್ನು ಮೀರಿದರೆ ನೋಂದಣಿ, ಲೈಸೆನ್ಸುಗಳ ಪ್ರಶ್ನೆ ಏಳುತ್ತದೆ. ಏರಿನಲ್ಲಿ ಕಾಲೂ ಗೇರೂ ನೆರವಿಗಿರುವಾಗ ಸಣ್ಣ ಮೋಟಾರೇ ಸಾಕು. ಮೋಟಾರು ಅಳವಡಿಸಿದ ಗಾಲಿಯನ್ನೇ ಕೊಂಡು ಹಳೆಯ ಗಾಲಿಯ ಸ್ಥಾನದಲ್ಲಿ ಕೂಡಿಸಬಹುದು.

ಆದರೆ ಚೌಕಟ್ಟಿನಲ್ಲಿ ಬಿರುಕಿದ್ದರೆ ಆ ಸೈಕಲ್ಲನ್ನು ಕೈಬಿಡುವುದೇ ಲೇಸು. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವ ಉಕ್ಕಿನ ಪಟ್ಟಿಯಿಲ್ಲದಿದ್ದರೆ, ಅಲ್ಯೂಮಿನಿಯಂ ಫೋರ್ಕು ಸೀಳಿ ಗಾಲಿಯೇ ಕಳಚೀತು. ಭಾರವೂ ವೇಗವೂ ಹೆಚ್ಚಿದ ಮೇಲೆ ಸವೆದ ಬ್ರೇಕುಗಳನ್ನು ನಂಬುವಂತಿಲ್ಲ. ಬ್ರೇಕು ಹಿಡಿದೊಡನೆ ಮೋಟಾರಿನ ವಿದ್ಯುತ್ತೂ ಕಡಿಯುವಂತಿರಬೇಕು.

ಎಲ್ಲಕ್ಕಿಂತ ದುಬಾರಿಯಾದುದು ಬ್ಯಾಟರಿ. ಅಗ್ಗದ ಮೋಹ ಅಪಾಯ ತರುವುದೂ ಅಲ್ಲಿಯೇ. 36 ವೋಲ್ಟ್, 10 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಅರ್ಧ ಯೂನಿಟ್ಟಿಗೂ ಕಡಿಮೆ ವಿದ್ಯುತ್ತನ್ನು ಹಿಡಿದಿಟ್ಟು, ಸವಾರನೂ ತುಳಿಯುತ್ತಿದ್ದರೆ ಸುಮಾರು 30 ಕಿಲೋಮೀಟರ್ ಸಾಗಿಸಬಲ್ಲುದು. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಿಂದ ಕಿತ್ತ ಕೋಶಗಳನ್ನು ಬೆಸೆದು ಕಟ್ಟಿದ ಗಂಟು ಮನೆಯೊಳಗೆ ಹೊತ್ತಿಕೊಂಡರೆ ಅದನ್ನು ಆರಿಸುವುದು ಬಹು ಕಷ್ಟ. ರಕ್ಷಣಾ ಮಂಡಲವುಳ್ಳ ಹೊಸ ಬ್ಯಾಟರಿ, ಅದಕ್ಕೆಂದೇ ತಯಾರಾದ ಚಾರ್ಜರ್ ಎರಡೂ ಬೇಕು. ಮನೆಮಂದಿಯೆಲ್ಲ ಮಲಗಿರುವಾಗ, ಅದರಲ್ಲೂ ಹೊರಬಾಗಿಲ ಬಳಿ, ಚಾರ್ಜ್ ಮಾಡುವುದು ಸಲ್ಲದು. ಬೆಂಕಿ ಬಿದ್ದಾಗ ಓಡಬೇಕಾದ ದಾರಿ ಅದೊಂದೇ ಇರಬಹುದು.

ಚೌಕಟ್ಟು ಹಳೆಯದಿರಲಿ, ಬಣ್ಣ ಮಾಸಿರಲಿ, ಗಂಟೆ ಕರ್ಕಶವಾಗಿರಲಿ, ಚಿಂತೆಯಿಲ್ಲ. ಬ್ರೇಕು, ಬ್ಯಾಟರಿಗಳಲ್ಲಿ ಮಾತ್ರ ಲೋಭ ಬೇಡ. ಅಲ್ಲಿ ಉಳಿಸಿದ ರೂಪಾಯಿಗೆ ಮನೆಯವರ ಪ್ರಾಣವೇ ಒತ್ತೆ.