ಕೇಳಿದವರ ತೀರ್ಪು

ಅಮೇರಿಕಾದ ಎಂ.ಸಿ. ಲಾರ್ಸ್ ಎಂಬ ಗಾಯಕರು 2006ರಲ್ಲಿ ಹೊರತಂದ ‘ದಿ ಗ್ರ್ಯಾಜುಯೇಟ್’ ಎಂಬ ಹಿಪ್-ಹಾಪ್ ಧ್ವನಿಮುದ್ರಿಕೆಯಲ್ಲಿ, ಮೆಲ್ವಿಲನ ‘ಮೋಬಿ ಡಿಕ್’ (1851) ಕಾದಂಬರಿಯ ಕಪ್ತಾನ ಏಹ್ಯಾಬನನ್ನು ಕುರಿತ ಪದವೊಂದುಂಟು. ಇಂಥದನ್ನು ಕೇಳಿ “ಇದು ಗಾನವಲ್ಲ, ಹರಟೆ” ಎಂದು ಜರೆಯುವವರೂ “ವಿನೋದವಾಗಿದೆ” ಎಂದು ಮೆಚ್ಚುವವರೂ ಉಂಟು. ಇವೆರಡೂ ಅಭಿರುಚಿಯ ಸೂಚನೆಗಳೇ ಹೊರತು ತೀರ್ಪುಗಳಲ್ಲ. ತೀರ್ಪಿಗೆ ಕಾರಣ ಬೇಕು. ಪ್ರಾಸವು ತಾಳಕ್ಕೆ ಒಪ್ಪಿತೇ? ಕಪ್ತಾನನ ಹಗೆತನವು ಅವನನ್ನೇ ನುಂಗಿದ ದುರಂತವನ್ನು ಹಾಸ್ಯವು ಮರೆಮಾಡಿತೇ, ತೋರಿಸಿತೇ? ನನ್ನ ಮತದಲ್ಲಿ, ಆ ಮಹಾಗ್ರಂಥದ ಕಡೆಗೆ ಒಬ್ಬ ಬಾಲಿಕೆಯನ್ನಾದರೂ ತಿರುಗಿಸುವ ಪದವು ವ್ಯರ್ಥವಲ್ಲ. ಆದರೆ ಅದು ಗ್ರಂಥಕ್ಕೆ ಬದಲಾಗಿ ನಿಲ್ಲಲಾರದು. ಆದುದರಿಂದ ಮಾನ್ಯ ತಾಯಿತಂದೆಗಳೇ, ಮಗಳು ಮೆಚ್ಚಿದ್ದನ್ನು ತೆಗಳುವುದಕ್ಕೆ ಮೊದಲು “ಏಕೆ ಮೆಚ್ಚಿದೆ?” ಎಂದು ಕೇಳಿರಿ. ಕಾರಣ ಹೇಳಲು ಕಲಿತವಳು ಪರರ ಚಪ್ಪಾಳೆಗೆ ಮರುಳಾಗಳು.