ಬೆಕ್ಕು ನಾಲ್ಕು, ಬಟ್ಟಲು ಒಂದೇ ಆದರೆ ಸಾಕೇ?

ಮುಂಬಯಿಯ ತುಳು-ಕನ್ನಡಿಗರ ಮನೆಗಳಿಗೂ ಬೆಕ್ಕಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಊರಿನಲ್ಲಿ ಬೆಕ್ಕು ಇದ್ದದ್ದು ಅಕ್ಕಿಮುಡಿಯ ಕಾವಲಿಗೆ. ಇಲಿ, ಹಲ್ಲಿ, ಓತಿಕ್ಯಾತ, ಗದ್ದೆಯ ಮಿಡತೆ ಎಲ್ಲವೂ ಅದರ ಊಟ. ಮನೆಯವರು ಹಾಕುತ್ತಿದ್ದ ಗಂಜಿ, ಬೂತಾಯಿಯ ತಲೆ ಬರೇ ಮೇಲೋಗರವಾಗಿತ್ತು. ಇಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿಗೆ ಜಾಲರಿ ಹಾಕಿ ಸಾಕುವ ಬೆಕ್ಕಿಗೆ ಆ ಬೇಟೆ ಎಲ್ಲಿಂದ ಬರಬೇಕು? ಬಟ್ಟಲಿಗೆ ಬಿದ್ದದ್ದೇ ಅದರ ಪಾಲು. ಊರಿನ ಲೆಕ್ಕವನ್ನೇ ಇಲ್ಲಿಗೂ ತಂದದ್ದರಿಂದ ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಬೆಕ್ಕಿನ ಆರೋಗ್ಯ ಕೆಡುತ್ತಿದೆ.

ನಾಲ್ಕು ಬೆಕ್ಕುಗಳಿರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಥ ಮನೆ ಡೊಂಬಿವಲಿಯಲ್ಲೂ ಇರಬಹುದು, ಭಾಂಡೂಪ್‌ನಲ್ಲೂ ಇರಬಹುದು. ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ಸಿಕ್ಕಿದ ಮೂರು ತಿಂಗಳ ಮರಿ ಒಂದು. ಆಪರೇಶನ್ ಆಗಿ ಆರು ಕಿಲೋ ತೂಗುವ ನಾಲ್ಕು ವರ್ಷದ ಗಂಡು ಒಂದು. ಯಾವ ತಕರಾರೂ ಇಲ್ಲದ ಎರಡು ವರ್ಷದ ಹೆಣ್ಣು ಇನ್ನೊಂದು. ಹದಿಮೂರು ದಾಟಿ, ಇತ್ತೀಚೆಗೆ ವಿಪರೀತ ನೀರು ಕುಡಿಯತೊಡಗಿರುವ ಮುದಿ ಬೆಕ್ಕು ಮತ್ತೊಂದು. ನಾಲ್ಕಕ್ಕೂ ಒಂದೇ ಸ್ಟೀಲಿನ ತಟ್ಟೆ. ಬಲವಿದ್ದದ್ದು ಹೆಚ್ಚು ತಿನ್ನುತ್ತದೆ, ಮುದಿ ಬೆಕ್ಕು ಮೂಸಿ ನೋಡಿ ಹಿಂದೆ ಸರಿಯುತ್ತದೆ.

ಬೇರೆ ಬೇರೆ ಬಟ್ಟಲು ಇಡೋಣ ಎಂದು ಸೊಸೆ ಹೇಳಿದರೆ ಅತ್ತೆಯವರ ಉತ್ತರ ಸಿದ್ಧವಾಗಿರುತ್ತದೆ. "ಒಂದೊಂದಕ್ಕೆ ಒಂದೊಂದು ಬಗೆ ಬಡಿಸಲಿಕ್ಕೆ ಇದೇನು ಹೋಟೆಲಾ ಮಾರಾಯ್ತಿ? ಊರಲ್ಲಿ ಗಂಜಿ ತಿಂದ ಬೆಕ್ಕು ಹದಿನೈದು ವರ್ಷ ಬದುಕಿತ್ತು." "ಅಲ್ಲ ಅತ್ತೆ, ಅದು ದಿನಕ್ಕೆರಡು ಇಲಿ ಹಿಡಿಯುತ್ತಿತ್ತೆಂದು ನೀವೇ ಹೇಳಿದ್ದಲ್ಲವಾ?" ಸೊಸೆಯ ಮಾತಿನಲ್ಲಿ ವಿಜ್ಞಾನವಿದೆ. ಆದರೆ ಅತ್ತೆಯವರ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ನಾಲ್ಕು ಬೆಕ್ಕಿಗೆ ನಾಲ್ಕು ಕಂಪನಿಯ ಪೊಟ್ಟಣ ತರುವ ಶಕ್ತಿ ಎಲ್ಲ ಮನೆಗಳಿಗಿಲ್ಲ, ಅದರ ಅಗತ್ಯವೂ ಇಲ್ಲ.

ಮೊದಲು ತಿಳಿಯಬೇಕಾದದ್ದು, ಬೆಕ್ಕು ನಾಯಿಯಂತಲ್ಲ ಎಂಬುದು. ನಾಯಿ ಅನ್ನದಲ್ಲೂ ಸುಧಾರಿಸೀತು, ಬೆಕ್ಕಿಗೆ ಮಾಂಸಾಹಾರವೇ ಆಧಾರ. ಟಾರಿನ್ ಎಂಬ ಅಂಶ ಮಾಂಸ, ಮೀನುಗಳಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹೃದಯದ ಸ್ನಾಯುವೂ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ಸಾಬೀತುಪಡಿಸಿದರು. ಆಗ ಕಾಯಿಲೆ ಬಿದ್ದ ಬೆಕ್ಕುಗಳಲ್ಲಿ ಕಂಪನಿಯ ಪೊಟ್ಟಣದ ಆಹಾರವನ್ನೇ ತಿನ್ನುತ್ತಿದ್ದವೂ ಇದ್ದವು. ಕಂಪನಿಗಳು ಟಾರಿನ್ ಪ್ರಮಾಣ ಏರಿಸಿದ್ದು ಆ ಬಳಿಕವೇ. ಪೊಟ್ಟಣವೆಂದರೆ ದೇವರ ಪ್ರಸಾದ ಎಂದು ಕಣ್ಣುಮುಚ್ಚಿ ನಂಬುವವರೂ ಇದನ್ನು ನೆನಪಿಡುವುದು ಒಳ್ಳೆಯದು.

ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ ತಿಂದು ಬೆಳೆದ ಬೆಕ್ಕಿನ ಬಗ್ಗೆ ಹೆಮ್ಮೆಪಡುವವರಿದ್ದಾರೆ. ಆ ಬೆಕ್ಕು ಪಕ್ಕದ ಶೆಟ್ಟರ ಮನೆಯ ಬಾಗಿಲಲ್ಲಿ ಬಂಗುಡೆಗಾಗಿ ಕಾಯುವುದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ! ಇತ್ತ ದಿನಾ ಹಸಿ ಮೀನು ಹಾಕುವುದೂ ಸರಿಯಲ್ಲ. ಕೆಲವು ಜಾತಿಯ ಹಸಿ ಮೀನಿನಲ್ಲಿರುವ ಕಿಣ್ವವೊಂದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಬಾರಿ ಬಾಯಿರುಚಿಗೆ ಕೊಟ್ಟರೆ ಅಡ್ಡಿಯಿಲ್ಲ. ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಕೂಡದು, ಅದು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತದೆ. ಹಾಲು ಹಲವು ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ.

ಇನ್ನು ಅಂಗಡಿಯಲ್ಲಿ ಕೇಳುವ ಪ್ರಶ್ನೆ. "ಯಾವ ಕಂಪನಿಯದ್ದು ಒಳ್ಳೆಯದು?" ಎಂದು ಕೇಳುವ ಬದಲು ಪೊಟ್ಟಣದ ಹಿಂಬದಿ ಓದಬೇಕು. ಅದು ದಿನದ ಊಟಕ್ಕೆ ಸಾಲುವ ಪರಿಪೂರ್ಣ ಆಹಾರವೋ ಅಥವಾ ಬರೇ ತಿಂಡಿಯೋ, ಮರಿಗೋ ದೊಡ್ಡದಕ್ಕೋ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಶೇಕಡಾವಾರು ಓದುವಾಗ ಹೆಚ್ಚಿನವರು ಮೋಸಹೋಗುತ್ತಾರೆ. ಒಣ ಆಹಾರದಲ್ಲಿ ಪ್ರೋಟೀನ್ ಶೇ. 32, ಪೌಚ್‌ನಲ್ಲಿ ಬರೇ ಶೇ. 9 ಎಂದಿದ್ದರೆ ಒಣದ್ದೇ ಮೇಲು ಎನಿಸುವುದು ಸಹಜ. ಆದರೆ ಲೆಕ್ಕ ಹಾಗಲ್ಲ. ಒಣ ಆಹಾರದ 100 ಗ್ರಾಂನಲ್ಲಿ ನೀರು 10 ಗ್ರಾಂ, ಉಳಿದ 90ರಲ್ಲಿ 32 ಎಂದರೆ ಸುಮಾರು ಶೇ. 36. ಪೌಚ್‌ನಲ್ಲಿ ನೀರು 82 ಗ್ರಾಂ, ಉಳಿದ 18ರಲ್ಲಿ 9 ಎಂದರೆ ಶೇ. 50! ನೀರನ್ನು ಕಳೆದು ನೋಡದೆ ಎರಡನ್ನು ಹೋಲಿಸುವುದು, ಸಾಲ ಕಳೆಯದೆ ಇಬ್ಬರ ಆಸ್ತಿ ಹೋಲಿಸಿದಂತೆ.

ಆ ನೀರೂ ದಂಡವಲ್ಲ. ಬೆಕ್ಕು ಬಾಯಾರಿಕೆಗೆ ಬೇಗ ಓಗೊಡುವ ಪ್ರಾಣಿಯಲ್ಲ, ಬೇಟೆಯಿಂದಲೇ ನೀರು ಪಡೆದು ಬಂದ ಜೀವ ಅದು. ಬರೇ ಒಣ ಆಹಾರ ತಿಂದು, ನೀರು ಕಡಿಮೆ ಕುಡಿದು, ಜಾಲರಿಯ ಹಿಂದೆ ಮಲಗಿಯೇ ಇರುವ ದಪ್ಪ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಳ್ಳುವ ಅಪಾಯವಿದೆ. ಅದು ಮತ್ತೆ ಮತ್ತೆ ಮಣ್ಣಿನ ಟ್ರೇಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ. ಮನೆಯವರು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾರೆ. ಮೂತ್ರ ಪೂರ್ತಿ ನಿಂತರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋದೀತು. ರವಿವಾರ ಕಳೆಯಲಿ ಎಂದು ಕಾಯುವ ಕಾಯಿಲೆ ಇದಲ್ಲ. ಈ ಗಂಡಿಗೆ ಬೇಕಾದದ್ದು ದುಬಾರಿ ಆಹಾರವಲ್ಲ. ಅಳತೆಯ ಆಹಾರ, ಅದರಲ್ಲಿ ಒಂದು ಹೊತ್ತಾದರೂ ನೀರಿನಂಶದ್ದು. ಆಪರೇಶನ್ ಆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಅಗತ್ಯ ತಗ್ಗುತ್ತದೆ. ಸುಮಾರು ನಾಲ್ಕು ಕಿಲೋದ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಒಣ ಆಹಾರ ಸಾಕು. ಬಟ್ಟಲು ಸದಾ ತುಂಬಿಟ್ಟರೆ ಆರು ಕಿಲೋ ಏಳಾಗುತ್ತದೆ.

ಮರಿಯ ಕತೆ ತದ್ವಿರುದ್ಧ. ಅದಕ್ಕೆ ಕಿಲೋ ತೂಕಕ್ಕೆ ದೊಡ್ಡ ಬೆಕ್ಕಿನ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ದಿನಕ್ಕೆ ಮೂರು ನಾಲ್ಕು ಬಾರಿ ಊಟ ಬೇಕು, ಒಂದು ವರ್ಷದವರೆಗೆ ಮರಿಯ ಆಹಾರವೇ ಬೇಕು. ಎಲ್ಲ ವಯಸ್ಸಿಗೂ ಆಗುವುದೆಂದು ಬರೆದಿರುವ ಪರಿಪೂರ್ಣ ಆಹಾರ ತಂದರೆ ಮರಿ, ಆರೋಗ್ಯವಂತ ಹೆಣ್ಣು, ಅಳತೆ ತಪ್ಪದಂತೆ ಬಡಿಸಿದರೆ ದಪ್ಪ ಗಂಡು ಮೂವರಿಗೂ ಒಂದೇ ಚೀಲ ನಡೆಯುತ್ತದೆ. ಖರ್ಚು ಉಳಿಯುವುದು ಇಲ್ಲಿ.

ಹೀಗೆ ಉಳಿಸಿದ ಹಣ ಹೋಗಬೇಕಾದದ್ದು ಮುದಿ ಬೆಕ್ಕಿಗೆ, ಅದೂ ಮೊದಲು ರಕ್ತಪರೀಕ್ಷೆಗೆ. ನೀರು ಹೆಚ್ಚು ಕುಡಿಯುವುದು, ಮೂತ್ರ ಹೆಚ್ಚುವುದು, ಬೆನ್ನೆಲುಬು ಕೈಗೆ ಸಿಗುವುದು ಕಿಡ್ನಿ ಸೋಲುತ್ತಿರುವ ಲಕ್ಷಣವಿರಬಹುದು, ಸಕ್ಕರೆ ಕಾಯಿಲೆಯದ್ದೂ ಇರಬಹುದು. ಅಂದಾಜಿನ ಮೇಲೆ ಆಹಾರ ಬದಲಿಸುವುದು ತರವಲ್ಲ. ಕಿಡ್ನಿಯ ದೋಷವೆಂದು ವೈದ್ಯರು ಹೇಳಿದರೆ ರಂಜಕ ಕಡಿಮೆ ಇರುವ ವಿಶೇಷ ಆಹಾರ ಅದಕ್ಕೆ ಬೇಕು. ಅದು ಮರಿಗೆ ಆಗದು, ಮರಿಯದ್ದು ಇದಕ್ಕೆ ಆಗದು. ಒಂದೇ ತಟ್ಟೆ ಎಂಬ ಸಮಾನತೆ ಇಲ್ಲಿ ಅನ್ಯಾಯವಾಗುತ್ತದೆ. ಹೊಸ ಆಹಾರವನ್ನು ಹಳೆಯದರ ಜತೆ ಬೆರೆಸುತ್ತಾ ಏಳರಿಂದ ಹತ್ತು ದಿನಗಳಲ್ಲಿ ಬದಲಿಸಬೇಕು. ಮುದಿ ಬೆಕ್ಕು ಅದನ್ನು ಮುಟ್ಟದೇ ಇದ್ದರೆ ಹಠ ಬೇಡ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಅದೇ ಮುಳುವಾದೀತು, ಅದರಲ್ಲೂ ದಪ್ಪ ಬೆಕ್ಕಿಗೆ ಅಪಾಯ ಹೆಚ್ಚು. ಯೋಗ್ಯ ಆಹಾರ ತಿನ್ನದೆ ಹಸಿದಿರುವುದಕ್ಕಿಂತ ಇಷ್ಟದ್ದನ್ನು ತಿನ್ನುವುದೇ ಮೇಲು.

ಬಡಿಸುವುದು ಹೇಗೆ? ದಿನಕ್ಕೆ ಎರಡು ನಿಗದಿತ ಹೊತ್ತು, ಇಪ್ಪತ್ತು ನಿಮಿಷ, ಬೇರೆ ಬೇರೆ ಜಾಗ. ಮುದಿ ಬೆಕ್ಕಿಗೆ ಬಾಲ್ಕನಿ ಬಾಗಿಲು ಎಳೆದುಕೊಂಡು, ಮರಿಗೆ ಅಡುಗೆಮನೆಯಲ್ಲಿ, ಉಳಿದೆರಡಕ್ಕೆ ಹಜಾರದ ಎರಡು ಮೂಲೆಯಲ್ಲಿ. ಮರಿಯ ಹೆಚ್ಚಿನ ಊಟವೂ ಅಡುಗೆಮನೆಯ ಬಾಗಿಲು ಮುಚ್ಚಿಯೇ. ಹೊತ್ತು ಮುಗಿದ ಮೇಲೆ ಬಟ್ಟಲು ಎತ್ತಿಡಬೇಕು, ನೀರು ಮಾತ್ರ ನಾಲ್ಕೈದು ಕಡೆ ಇರಲಿ. ಸ್ಥಳೀಯ ಲೋಕಲ್ ಹಿಡಿಯುವ ಅವಸರದಲ್ಲಿ ಸೊಸೆಗೆ ಇದು ಕಷ್ಟ. ಬೆಳಗಿನ ಬಾಗಿಲು ಕಾಯುವ ಕೆಲಸ ಅತ್ತೆಯವರಿಗೇ ಬರುತ್ತದೆ, ಅವರನ್ನು ಒಪ್ಪಿಸದೆ ಈ ವ್ಯವಸ್ಥೆ ನಡೆಯದು.

ಅವರಿಗೆ ಒಪ್ಪಿಸಬಹುದಾದ ಇನ್ನೊಂದು ಕೆಲಸವಿದೆ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ಡಿಜಿಟಲ್ ತೂಕಯಂತ್ರದ ಮೇಲೆ ನಿಂತು, ತಮ್ಮ ತೂಕ ಕಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುವುದು. ಮೂರು ಕಿಲೋದ ಮುದಿ ಬೆಕ್ಕು 300 ಗ್ರಾಂ ಇಳಿದರೆ ಅದು 60 ಕಿಲೋದ ಮನುಷ್ಯ ಆರು ಕಿಲೋ ಇಳಿದಂತೆ. ಆ ಕ್ಯಾಲೆಂಡರ್ ಹಾಳೆ ಹಿಡಿದುಕೊಂಡೇ ಮರುದಿನ ಪಶುವೈದ್ಯರ ಬಳಿ ಹೋಗಬೇಕು.